ಪಾತ್ರೆ ತೊಳೆಯಲು ಹೋದವನು

(ಸಾಗರದಲ್ಲಿ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದೇ ಸಲ ಬರೆದಿದ್ದೇನೆ.)

ಕರೆಯೋಲೆಯಲ್ಲಿ ನನ್ನನ್ನು 'ಜರ್ಮನಿಯಲ್ಲಿ ಕಾಡಿಗಾಗಿ ಹೋರಾಡಿದವರು' ಅಂತ ಹಾಕಿದ್ದಾರೆ. ಮೊದಲು ಅದನ್ನು ಸರಿ ಮಾಡಿಬಿಡುತ್ತೇನೆ. ನಾನು ಜರ್ಮನಿಗೆ ಹೋಗಿದ್ದು ವೃದ್ಧಾಶ್ರಮದಲ್ಲಿ ಪಾತ್ರೆ ತೊಳೆಯುವುದಕ್ಕೆ. ಕಾಡಿಗೆ ಹೋಗಿದ್ದು ಪೇರ್ ಹಣ್ಣಿನ ದೆಸೆಯಿಂದ.

ಆ ದೇಶದಲ್ಲಿ 2011ರವರೆಗೆ ಹುಡುಗರಿಗೆ ಸೈನ್ಯಸೇವೆ ಕಡ್ಡಾಯ ಇತ್ತು. ಬಂದೂಕು ಹಿಡಿಯಲ್ಲ ಅಂದವರು ಅದರ ಬದಲು ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಕೆಲಸ ಮಾಡಬೇಕಿತ್ತು. ಆ ಪದ್ಧತಿ ನಿಂತಿದ್ದೇ ಅಜ್ಜ ಅಜ್ಜಿಯರಿಗೆ ಊಟ ಬಡಿಸುವ ಕೈಗಳು ಕಡಿಮೆಯಾದವು. ಸರ್ಕಾರ ಅದೇ ವರ್ಷ ಸ್ವಯಂಸೇವೆಯ ಯೋಜನೆಯೊಂದನ್ನು ಶುರು ಮಾಡಿತು. ಹೊರದೇಶದವರೂ ಸೇರಬಹುದು. ಊಟ, ಮಲಗಲು ಕೋಣೆ, ತಿಂಗಳಿಗೆ ಒಂದಿಷ್ಟು ಕೈಖರ್ಚು. ನಾನು 2018ರ ಆಗಸ್ಟ್ ಕೊನೆಗೆ ಹೋದೆ. ಕೊಲೋನ್ ನಗರದಿಂದ ಪಶ್ಚಿಮಕ್ಕೆ, ಸಕ್ಕರೆ ಬೀಟ್ ಹೊಲಗಳ ನಡುವಿನ ಒಂದು ಸಣ್ಣ ಪೇಟೆ. ರಾತ್ರಿ ನನ್ನ ಕೋಣೆಯ ಕಿಟಕಿಯಿಂದ ದೂರದಲ್ಲಿ ಕೆಂಪು ದೀಪಗಳು ಕಾಣುತ್ತಿದ್ದವು. ವಿಮಾನ ನಿಲ್ದಾಣ ಇರಬೇಕು ಅಂದುಕೊಂಡಿದ್ದೆ.

ಅದು ಹಂಬಾಖ್ ಗಣಿ.

ಗಣಿ ಅಂದರೆ ನಮ್ಮ ಕಣ್ಣಿಗೆ ಬರುವುದು ಸುರಂಗ, ಇಲ್ಲವೇ ಬಳ್ಳಾರಿಯ ಕೆಂಪು ಧೂಳು. ಇದು ಬೇರೆ. 1978ರಿಂದ ಅಗೆಯುತ್ತಿರುವ ತೆರೆದ ಗುಂಡಿ. ಆಳ ಸುಮಾರು 400 ಮೀಟರ್. ನಮ್ಮ ಜೋಗ 253 ಮೀಟರ್. ಜೋಗವನ್ನು ಎತ್ತಿಕೊಂಡು ಹೋಗಿ ಅದರೊಳಗೆ ಇಟ್ಟರೆ ದಡದಲ್ಲಿ ನಿಂತವರಿಗೆ ರಾಜಾ ತಲೆ ಕೂಡ ಕಾಣುವುದಿಲ್ಲ. ಒಳಗೆ ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು. ನೈವೇಲಿಯಲ್ಲಿ ತೆಗೆಯುವುದೂ ಇದೇ ಜಾತಿ. ಅದರಲ್ಲಿ ಅರ್ಧ ಬರೀ ನೀರು, ಸುಟ್ಟರೆ ಬರುವ ಶಾಖಕ್ಕಿಂತ ಹೊಗೆಯ ಲೆಕ್ಕವೇ ಜಾಸ್ತಿ. ತೆಗೆಯುವ ಯಂತ್ರಗಳಲ್ಲಿ ದೊಡ್ಡದು 96 ಮೀಟರ್ ಎತ್ತರ, 13,000 ಟನ್‌ಗೂ ಮೇಲೆ ತೂಕ, ದಿನಕ್ಕೆ 2,40,000 ಘನ ಮೀಟರ್ ಮಣ್ಣು ಕೆರೆಯುತ್ತದೆ. ಎಲ್ಸ್‌ಡಾರ್ಫ್ ಎಂಬ ಊರಿನ ಕಡೆ ಗುಂಡಿಯ ಅಂಚಿಗೆ ಆರಾಮ ಕುರ್ಚಿಗಳನ್ನು ಹಾಕಿದ್ದಾರೆ. ಕಾಫಿ ಕುಡಿಯುತ್ತ ನೋಡಬಹುದು. ಸಮುದ್ರ ನೋಡಿದ ಹಾಗೆ. ಊರಿನವರು ಅದಕ್ಕೆ ಬೇರೆ ಹೆಸರೇ ಇಟ್ಟಿಲ್ಲ. 'ಲೋಖ್' ಅನ್ನುತ್ತಾರೆ. ತೂತು.

ತೂತು ಬೆಳೆಯುತ್ತಾ ಹೋಗುತ್ತದೆ. ಒಂದು ಬದಿಯಲ್ಲಿ ಅಗೆದು ಇನ್ನೊಂದು ಬದಿಯಲ್ಲಿ ತುಂಬುತ್ತಾ ಅದು ನೆಲದ ಮೇಲೆ ನಿಧಾನ ನಡೆಯುತ್ತದೆ. ದಾರಿಯಲ್ಲಿ ಸಿಕ್ಕ ಊರು, ಚರ್ಚು, ಸ್ಮಶಾನ, ಹೆದ್ದಾರಿ ಎಲ್ಲ ಒಳಗೆ. ಇದಕ್ಕೆ ಅವರ ಮಾತಿನಲ್ಲಿ 'ಉಮ್‌ಸೀಡ್ಲುಂಗ್' ಅಂತ ಒಂದು ಪದ ಇದೆ. ಇಲ್ಲಿಂದ ಎಬ್ಬಿಸಿ ಅಲ್ಲಿ ಕೂರಿಸುವುದು. ವೃದ್ಧಾಶ್ರಮದಲ್ಲಿ ಈ ಪದ ಮೊದಲ ಸಲ ಕೇಳಿದಾಗ ಭಾಷೆ ಗೊತ್ತಿಲ್ಲದಿದ್ದರೂ ಅರ್ಥ ಆಯಿತು. ಹೇಳುವವರ ದನಿ ನನಗೆ ಗೊತ್ತಿತ್ತು. ನಮ್ಮಲ್ಲಿ ಅದಕ್ಕೆ 'ಮುಳುಗಡೆ' ಅಂತೀವಿ, ಅಷ್ಟೇ.

ಇಲ್ಲಿ ಕೂತವರಿಗೆ ಮುಳುಗಡೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಜ್ಜಿ ಮದುವೆಯಾಗಿ ಬಂದ ಮನೆ ಲಿಂಗನಮಕ್ಕಿ ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ಬೆಳಕು ಬಂತು, ನಮ್ಮವರು ಲಾರಿ ಹತ್ತಿದರು. ಹೋದ ಜಾಗದಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಇರಲಿ. ಅದನ್ನೇ ಹಿಡಿದುಕೊಂಡು ಕೂತರೆ ಪೇರ್ ಹಣ್ಣಿನ ಕಥೆ ಬರುವುದೇ ಇಲ್ಲ.

ವೃದ್ಧಾಶ್ರಮದ ಎರಡನೇ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದರು. ಎಂಬತ್ತು ದಾಟಿತ್ತು. ಎಲ್ಲರ ಹಾಗೆ ನಾನೂ ಓಮಾ ಅನ್ನುತ್ತಿದ್ದೆ. ಊರು ಮಾನ್‌ಹೈಮ್. ನಕಾಶೆಯಲ್ಲಿರುವ ದೊಡ್ಡ ಮಾನ್‌ಹೈಮ್ ನಗರ ಅಲ್ಲ, ಕೆರ್ಪೆನ್ ಪಕ್ಕದ ಹಳ್ಳಿ. ಕಾರ್ ರೇಸಿನ ಶೂಮಾಕರ್ ಹುಡುಗನಾಗಿದ್ದಾಗ ಕಾರ್ಟ್ ಓಡಿಸಿ ಕಲಿತ ಟ್ರ್ಯಾಕ್ ಇರುವುದು ಅಲ್ಲೇ. ಗಣಿ ಬರುತ್ತದೆ ಅಂತ ಊರನ್ನು ಕೆಲವು ಕಿಲೋಮೀಟರ್ ದೂರಕ್ಕೆ ಎತ್ತಿ ಇಟ್ಟಿದ್ದರು. ಹೊಸ ಊರಿನ ಹೆಸರು ಹೊಸ ಮಾನ್‌ಹೈಮ್. ಓಮಾ ಅಲ್ಲಿ ಒಂದು ಚಳಿಗಾಲ ಇದ್ದು, 'ಇಲ್ಲಿ ಯಾವ ಬೀದಿಯೂ ಎಲ್ಲಿಗೂ ಹೋಗುವುದಿಲ್ಲ' ಅಂತ ವೃದ್ಧಾಶ್ರಮಕ್ಕೆ ಬಂದಿದ್ದರು. ತಟ್ಟೆ ಎತ್ತಲು ಹೋದಾಗೆಲ್ಲ ಅರ್ಧ ಬಿಟ್ಟಿರುತ್ತಿದ್ದರು. ಯಾಕೆ ಅಂದರೆ, 'ಹಳೆ ಮನೆಯ ಹಿತ್ತಲಲ್ಲಿ ಪೇರ್ ಮರ ಇದೆ. ಈಗ ಹಣ್ಣಾಗಿರುತ್ತದೆ. ಕಿತ್ತುಕೊಂಡು ಬರುತ್ತೀಯಾ?'

ಭಾನುವಾರ ರಜೆ. ತಾರೀಖು ನೆನಪಿದೆ, ಸೆಪ್ಟೆಂಬರ್ 16. ಒಂದು ಬಟ್ಟೆ ಚೀಲ ಹಿಡಿದು ಸೈಕಲ್ ತುಳಿದೆ.

ಖಾಲಿ ಊರು ಹೇಗಿರುತ್ತದೆ ಅಂತ ನೋಡಿದ್ದೀರಾ? ಕೆಲವು ಮನೆ ಆಗಲೇ ನೆಲಸಮ. ಕೆಲವಕ್ಕೆ ಹಲಗೆ ಹೊಡೆದಿದ್ದರು. ಆದರೆ ಒಂದು ಮನೆಯ ಕಿಟಕಿಯಲ್ಲಿ ಪರದೆ ಇನ್ನೂ ಇತ್ತು, ಒಂದು ಅಂಗಳದಲ್ಲಿ ಯಾರೋ ಹುಲ್ಲು ಕತ್ತರಿಸಿದ್ದರು. ಕೊನೆಯವರೆಗೂ ಉಳಿದ ಒಂದೆರಡು ಕುಟುಂಬ ಇರಬೇಕು. ಓಮಾ ಚೀಟಿಯಲ್ಲಿ ಬರೆದುಕೊಟ್ಟ ಗುರುತಿನಂತೆ ಹೋದೆ. ಮನೆ ಇರಲಿಲ್ಲ. ಇಟ್ಟಿಗೆ ಚೂರಿನ ಒಂದು ಚೌಕ. ಹಿಂದೆ ಮರ ಇತ್ತು. ಕೊಂಬೆ ಬಗ್ಗುವಷ್ಟು ಹಣ್ಣು, ನೆಲದ ಮೇಲೆ ಕೊಳೆತವು, ಅದರ ಮೇಲೆ ಕಣಜ. ಚೀಲ ತುಂಬಿಸಿದೆ.

ನಾನು ತಿಳಿಯದೆ ಹೋಗಿದ್ದು ಏನೆಂದರೆ, ಆ ಊರಿಗೆ ಅಂಟಿಕೊಂಡೇ ಹಂಬಾಖ್ ಕಾಡು ಇದೆ. ಓಕ್ ಮತ್ತು ಹಾರ್ನ್‌ಬೀಮ್ ಮರಗಳ ಹಳೆಯ ಕಾಡು. ಒಂದು ಕಾಲಕ್ಕೆ 4,000 ಹೆಕ್ಟೇರಿಗೂ ಜಾಸ್ತಿ ಇದ್ದದ್ದು ಆ ಹೊತ್ತಿಗೆ ಸುಮಾರು 200ಕ್ಕೆ ಬಂದಿತ್ತು. 2012ರಿಂದ ಅಲ್ಲಿ ಹುಡುಗ ಹುಡುಗಿಯರು ಮರದ ಮೇಲೆ ಮನೆ ಕಟ್ಟಿಕೊಂಡು ವಾಸವಾಗಿದ್ದರು. ಗಣಿ ನಡೆಸುವ ಆರ್‌ಡಬ್ಲ್ಯೂಇ ಕಂಪನಿ ಅಕ್ಟೋಬರಿನಲ್ಲಿ ಮರ ಕಡಿಯಬೇಕಿತ್ತು. ಅದಕ್ಕೆ ಮುಂಚೆ ಮರದ ಮೇಲಿನವರನ್ನು ಇಳಿಸಬೇಕು. ಸೆಪ್ಟೆಂಬರ್ 13ಕ್ಕೆ ಸಾವಿರಾರು ಪೊಲೀಸರು ಕಾಡಿಗೆ ಬಂದರು. ಇಳಿಸಲು ಸರ್ಕಾರ ಕೊಟ್ಟ ಕಾರಣ ಕೇಳಿ. ಮರದ ಮನೆಗಳಲ್ಲಿ ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳುವ ವ್ಯವಸ್ಥೆ ಇಲ್ಲವಂತೆ, ಕಟ್ಟಡ ನಿಯಮದ ಉಲ್ಲಂಘನೆಯಂತೆ! ಮೂರು ವರ್ಷ ಆದಮೇಲೆ, 2021ರಲ್ಲಿ, ಕೊಲೋನಿನ ನ್ಯಾಯಾಲಯ ಇದು ಬರೀ ನೆಪ, ತೆರವು ಕಾನೂನುಬಾಹಿರ ಅಂದಿತು. ಆದರೆ ನಾನು ಚೀಲ ಹಿಡಿದು ನಿಂತದ್ದು ತೆರವಿನ ನಾಲ್ಕನೇ ದಿನ.

ವಾಪಸ್ ಹೊರಟರೆ ಬಂದ ದಾರಿ ಬಂದ್. ಹೆಲ್ಮೆಟ್ ಹಾಕಿದ ಪೊಲೀಸರ ಸಾಲು. ಪಾಸ್‌ಪೋರ್ಟ್ ಕೇಳಿದರು. ಕೋಣೆಯಲ್ಲಿ ಬಿಟ್ಟು ಬಂದಿದ್ದೆ. ವೃದ್ಧಾಶ್ರಮದ ಗುರುತಿನ ಚೀಟಿ ತೋರಿಸಿದೆ. ಚೀಲದಲ್ಲಿ ಏನು ಅಂದರು. ಆಗಿನ ನನ್ನ ಜರ್ಮನ್ ಅಂಗನವಾಡಿ ಮಟ್ಟದ್ದು. 'ಬಿರ್ನೆ' ಅಂದೆ, ಅಂದರೆ ಪೇರ್. ಆ ಭಾಷೆಯಲ್ಲಿ ಲೈಟಿನ ಬಲ್ಬಿಗೂ ಅದೇ ಪದ. ಒಬ್ಬ ಚೀಲ ಬಿಚ್ಚಿಸಿ ಒಂದೊಂದೇ ಹಣ್ಣು ತೆಗೆದು ನೋಡಿದ. ಕೊನೆಗೆ ಒಳ್ಳೆಯ ಮನುಷ್ಯ, 'ಈ ಕಡೆಯಿಂದ ಬಿಡಲು ಆಗಲ್ಲ, ನಡಿಗೆಯವರ ಜೊತೆ ಆ ಕಡೆ ಹೋಗು' ಅಂತ ಕೈ ತೋರಿಸಿದ.

ನಡಿಗೆಯವರು ಅಂದರೆ? ಆ ಕಾಡಿನಲ್ಲಿ ನಾಲ್ಕು ವರ್ಷದಿಂದ ಜನರನ್ನು ಕರೆದುಕೊಂಡು ಹೋಗಿ ಮರ, ಹಕ್ಕಿ ತೋರಿಸುವ ಭಾನುವಾರದ ನಡಿಗೆ ಇತ್ತು. ಮೊದಮೊದಲು ಕೆಲವೇ ಜನ ಬರುತ್ತಿದ್ದರಂತೆ. ಅವತ್ತು ಸಾವಿರಾರು ಜನ. ಸ್ಟ್ರೋಲರಿನಲ್ಲಿ ಮಗು, ಕೈಗೋಲು ಹಿಡಿದ ಮುದುಕರು, ನಾಯಿ, ಕೇಕ್ ಡಬ್ಬ. ನಮ್ಮ ಜಾತ್ರೆಯ ಹಾಗೆ. ಅವರ ನಡುವೆ ಪೇರ್ ಚೀಲದ ಜೊತೆ ನಾನು. ಮಕ್ಕಳು ಕಣ್ಣು ಹಾಕಿದವು. ಕೊಟ್ಟೆ. ಮರದ ಮೇಲೆ ಕೂತ ಒಬ್ಬಳು ಹಗ್ಗಕ್ಕೆ ಬಕೆಟ್ ಕಟ್ಟಿ ಇಳಿಬಿಟ್ಟಳು. ಅದಕ್ಕೂ ಹಾಕಿದೆ. ಮೇಲಿನಿಂದಲೇ ಎಲ್ಲಿಯವನು ಅಂದಳು. ಇಂಡಿಯಾ ಅಂದ ಕೂಡಲೇ 'ಚಿಪ್ಕೋ!' ಅಂತ ಕೂಗಿದಳು. ಹಿಮಾಲಯದ ಕಡೆ ಮರ ಅಪ್ಪಿಕೊಂಡು ಕಾಡು ಉಳಿಸಿದ ಚಳವಳಿ ಅದು. ಸುಮ್ನೆ ಇರಬಹುದಿತ್ತು. 'ನಮ್ಮ ಕಡೆ ಅದು ಅಪ್ಪಿಕೊ, 1983, ಸಲ್ಕಣಿ' ಅಂತ ನಾನೂ ಕೂಗಿದೆ. ಶಾಲೆಯಲ್ಲಿ ಪ್ರಬಂಧ ಬರೆದ ನೆನಪು, ಅದಕ್ಕಿಂತ ಹೆಚ್ಚಿಗೆ ನನಗೇನೂ ಗೊತ್ತಿರಲಿಲ್ಲ. ಆದರೆ ಕೆಳಗೆ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬರು ಮೈಕ್ ತಂದು ಕೈಗೆ ಕೊಟ್ಟರು. ಶಿರಸಿಯ ಕಾಡಿನ ಬಗ್ಗೆ ಜರ್ಮನ್ ಕಾಡಿನಲ್ಲಿ, ಹರಕು ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ಮೂರು ನಿಮಿಷ ಮಾತಾಡಿದೆ. ಹೋರಾಟಗಾರ ಆದದ್ದು ಹೀಗೆ. ಅವತ್ತು ರಾತ್ರಿ ಕೋಣೆಗೆ ಬಂದು ಮೊಬೈಲಿನಲ್ಲಿ ಅಪ್ಪಿಕೊ ಅಂದರೆ ಏನು ಅಂತ ಸರಿಯಾಗಿ ಓದಿಕೊಂಡೆ.

ಓಮಾ ಮುಂದೆ ಚೀಲ ಸುರಿದರೆ ನಾಲ್ಕೇ ಹಣ್ಣು.

'ಇಷ್ಟೇನಾ?'

ಕಾಡಿನವರು ತಿಂದರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ತೊಳೆದುಕೊಂಡು ತಿಂದರಾ?' ಅಂದರು.

ಮೂರೇ ದಿನಕ್ಕೆ, 19ರಂದು, ಮರದ ಮನೆಗಳ ನಡುವಿನ ತೂಗುಸೇತುವೆಯಿಂದ ಬಿದ್ದು ಒಬ್ಬ ಯುವಕ ತೀರಿಕೊಂಡ. 27 ವರ್ಷ. ಎರಡು ವರ್ಷದಿಂದ ಆ ಹೋರಾಟವನ್ನು ಚಿತ್ರೀಕರಿಸುತ್ತಿದ್ದವನು. ತೆರವು ಕೆಲವು ದಿನ ನಿಂತು ಮತ್ತೆ ಶುರುವಾಯಿತು. ಆಮೇಲಿನ ಭಾನುವಾರ ನಾನು ಹೋದದ್ದು ಪೇರ್‌ಗಾಗಿ ಅಲ್ಲ. ಬೇರೆ ಯಾಕೆ ಅಂತ ನನಗೂ ಸ್ಪಷ್ಟ ಇರಲಿಲ್ಲ. ಸೂಪಿನ ಹಂಡೆ ತೊಳೆದೆ. ಅದು ಬರುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಹೊರಗಿನವನು ಇಂಥ ಕಡೆ ನಿಲ್ಲಬಹುದೇ? ಸ್ವಯಂಸೇವಕರಿಗೆ ಅಲ್ಲಿ ವರ್ಷದಲ್ಲಿ 25 ದಿನ ತರಗತಿ ಕಡ್ಡಾಯ, ಅದರಲ್ಲಿ ಐದು ದಿನ ರಾಜಕೀಯ ಶಿಕ್ಷಣ. ಆ ತರಗತಿಯಲ್ಲೇ ಅವರ ಸಂವಿಧಾನದ 8ನೇ ಕಲಂ ಓದಿಸಿದರು. ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು 'ಎಲ್ಲ ಜರ್ಮನರಿಗೂ' ಇದೆ ಅಂತ. ಜರ್ಮನರಿಗೆ! ನಾನು ಕೈ ಎತ್ತಿದೆ. ಟೀಚರ್ ನಕ್ಕು, ಸಭೆಗಳ ಕಾನೂನು ಬೇರೆ ಇದೆ, ಅದರಲ್ಲಿ 'ಪ್ರತಿಯೊಬ್ಬರಿಗೂ' ಅಂತಿದೆ, ಹೆದರಬೇಡ ಅಂದರು. ನನ್ನನ್ನು ಕಳಿಸಿದ ಸಂಸ್ಥೆಗೆ ಅಷ್ಟು ನಗು ಬರಲಿಲ್ಲ. ವೀಸಾ ನೆನಪಿಸುವ ಮೇಲ್ ಬಂತು. ವೃದ್ಧಾಶ್ರಮದ ಮುಖ್ಯಸ್ಥೆ ಮಾತ್ರ ಒಂದೇ ಮಾತು ಹೇಳಿದರು: ರಜೆಯ ದಿನ ನಿನ್ನದು, ಆದರೆ ನಮ್ಮ ಹೆಸರಿರುವ ಟೀ ಶರ್ಟ್ ಹಾಕಿಕೊಂಡು ಹೋಗಬೇಡ.

ನಿಜವಾದ ತೊಂದರೆ ಬಂದದ್ದು ಅಡುಗೆಮನೆಯಲ್ಲಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಡುಗೆಯಾಕೆಯ ಗಂಡ ಗಣಿಯಲ್ಲಿ ಆ ದೈತ್ಯ ಯಂತ್ರ ನಡೆಸುವವನು. ಅವನ ಅಪ್ಪನೂ ಅಲ್ಲೇ ಇದ್ದವನು. ನಾನು ಕಾಡಿಗೆ ಹೋಗುವುದು ಗೊತ್ತಾದ ಮೇಲೆ ಆಕೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ನನ್ನ ತಲೆಯ ಮೇಲಿಂದ ಕೈ ಚಾಚಿ ತೆಗೆದುಕೊಳ್ಳುತ್ತಿದ್ದಳು. ಎರಡು ವಾರದ ಮೇಲೆ ಒಂದು ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ಬಂದು ಟಪ್ ಅಂತ ಲೈಟ್ ಆರಿಸಿದಳು. 'ಈಗ ತೊಳಿ.' ಕತ್ತಲಲ್ಲಿ ನೊರೆ ಕೈ ಮಾಡಿಕೊಂಡು ನಿಂತೆ. ಏನು ಹೇಳಲಿ? ನನ್ನ ಅಜ್ಜಿ ಮನೆ ಮುಳುಗಿದ್ದು ಕೂಡ ಲೈಟಿಗೇ ಅಂತ ಹೇಳಿದೆ. ಆಕೆ ಲೈಟ್ ಹಾಕಿದಳು. ಉತ್ತರ ಕೊಡಲಿಲ್ಲ.

ಅಕ್ಟೋಬರ್ 5, ಶುಕ್ರವಾರ. ಮ್ಯುನ್‌ಸ್ಟರಿನ ಮೇಲ್ನ್ಯಾಯಾಲಯ ಮರ ಕಡಿಯುವುದಕ್ಕೆ ತಡೆ ಕೊಟ್ಟಿತು. ಬುಂಡ್ ಎಂಬ ಪರಿಸರ ಸಂಸ್ಥೆ ಹಾಕಿದ ಕೇಸು. ಅದರ ಮುಖ್ಯ ಸಾಕ್ಷಿ ಅಂಗೈಯಲ್ಲಿ ಹಿಡಿಸುವ ಒಂದು ಬಾವಲಿ, ಹೆಸರು ಬೆಕ್‌ಸ್ಟೈನ್. ಹಳೆಯ ಮರದ ಪೊಟರೆ ಇಲ್ಲದೆ ಅದು ಬದುಕುವುದಿಲ್ಲ. ಮರುದಿನದ ಮೆರವಣಿಗೆಯನ್ನು ಪೊಲೀಸರು ನಿಷೇಧಿಸಿದ್ದರು. ಅದನ್ನೂ ಆಖೆನ್ ನಗರದ ನ್ಯಾಯಾಲಯ ಅದೇ ದಿನ ರದ್ದು ಮಾಡಿತು. ಶನಿವಾರ ಕಾಡಿನ ಪಕ್ಕದ ಹೊಲಕ್ಕೆ 50,000 ಜನ ಬಂದರು ಅಂತ ಸಂಘಟಕರ ಲೆಕ್ಕ. ಪ್ರತಿಭಟನೆಗೆ ಬಂದವರು ಹಬ್ಬ ಮಾಡಿದರು. 'ಹಂಬಿ ಬ್ಲೈಬ್ಟ್' ಅನ್ನುವುದು ಅವರ ಘೋಷಣೆ. ಹಂಬಿ ಅಂದರೆ ಹಂಬಾಖ್ ಕಾಡು, ಪ್ರೀತಿಯ ಹೆಸರು. ಉಳಿಯುತ್ತದೆ ಅಂತ. ನನಗೋ ಪ್ರತಿ ಸಲವೂ ನಮ್ಮ ಹಂಪಿ ಅಂತಲೇ ಕೇಳಿಸುತ್ತಿತ್ತು.

ಸಂಜೆ ಓಡಿ ಬಂದು ಓಮಾಗೆ ಹೇಳಿದೆ. ಕಾಡು ಉಳಿಯಿತು ಅಂತ. ಅವರು ಟೀವಿಯಲ್ಲಿ ನೋಡಿದ್ದರು. ಖುಷಿಪಡುತ್ತಾರೆ ಅಂದುಕೊಂಡಿದ್ದೆ.

'ನನ್ನ ಊರಿಗೆ ಯಾರು ಬಂದಿದ್ದರು?' ಅಂದರು.

ಅಲ್ವಾ? ಮಾನ್‌ಹೈಮ್ ಖಾಲಿಯಾಗಿದ್ದು ಕಾಗದದ ಮೇಲೆ. ಅಳತೆ ಮಾಡುವವರು ಬಂದರು, ಬೆಲೆ ಹೇಳಿದರು, ಒಬ್ಬೊಬ್ಬರೇ ಸಹಿ ಹಾಕಿದರು. ಮರ ಹತ್ತಿ ಕೂರುವವರು ಮನೆ ಹತ್ತಿ ಕೂರಲಿಲ್ಲ. ಅದೇ ವರ್ಷದ ಜನವರಿಯಲ್ಲಿ, ನಾನು ಹೋಗುವ ಮೊದಲು, ಪಕ್ಕದ ಗಾರ್ಟ್ಸ್‌ವೈಲರ್ ಗಣಿಗಾಗಿ ಇಮ್ಮೆರಾತ್ ಊರಿನ ದೊಡ್ಡ ಚರ್ಚನ್ನು ಯಂತ್ರದಿಂದ ಕೆಡವಿದ್ದರು. ಎರಡು ಗೋಪುರ ಇದ್ದ ಚರ್ಚು, ಊರಿನವರು ಅದನ್ನು ಕೆಥೆಡ್ರಲ್ ಅಂತಲೇ ಕರೆಯುತ್ತಿದ್ದರು. ಓಮಾ ಆ ವಿಡಿಯೋವನ್ನು ನನಗೆ ಎಷ್ಟು ಸಲ ತೋರಿಸಿದರೋ. ಕಾಡಿನ ಗೆಳೆಯರಿಗೆ ಇದನ್ನು ಹೇಳಿದಾಗ ಕೆಲವರಿಗೆ ಇರಿಸುಮುರಿಸಾಯಿತು, ಕೆಲವರು ತಲೆಯಾಡಿಸಿದರು. ಅದೇ ಹೊತ್ತಿಗೆ 'ಎಲ್ಲ ಹಳ್ಳಿಗಳೂ ಉಳಿಯಲಿ' ಅಂತ ಹಳ್ಳಿಯವರದೇ ಒಂದು ಕೂಟ ಹುಟ್ಟಿಕೊಂಡಿತ್ತು, ಹಳದಿ ಬಣ್ಣದ ಇಂಟು ಗುರುತು ಅವರ ಚಿಹ್ನೆ. ಮಾನ್‌ಹೈಮ್‌ಗೆ ಅದು ತಡವಾಗಿತ್ತು.

ನನಗೆ ಅವತ್ತು ಕಾಡಿದ್ದು ಬೇರೆ. ನನ್ನ ಸ್ವಂತ ಅಜ್ಜಿಯ ಊರಿಗೆ ಯಾರು ಬಂದಿದ್ದರು ಅಂತ ನಾನು ಅದುವರೆಗೆ ಕೇಳಿರಲೇ ಇಲ್ಲ. ಎಂಟು ಸಾವಿರ ಕಿಲೋಮೀಟರ್‌ನಷ್ಟು ದೂರ ಹೋಗಿ ಬೇರೆ ಅಜ್ಜಿಯ ಬಾಯಲ್ಲಿ ಆ ಪ್ರಶ್ನೆ ಕೇಳಬೇಕಾಯಿತು. ನಾಚಿಕೆ ಆಯಿತು, ಅಡಗಿಸುವುದು ಯಾಕೆ.

ಆಮೇಲಿನದನ್ನು ಬೇಗ ಹೇಳುತ್ತೇನೆ, ಪತ್ರಿಕೆಗಳಲ್ಲಿ ಬಂದದ್ದೇ. 2019ರ ಜನವರಿಯಲ್ಲಿ ಸರ್ಕಾರದ ಕಲ್ಲಿದ್ದಲು ಆಯೋಗ 2038ರೊಳಗೆ ಕಲ್ಲಿದ್ದಲು ನಿಲ್ಲಿಸಿ, ಹಂಬಾಖ್ ಕಾಡು ಉಳಿದರೆ ಒಳ್ಳೆಯದು ಅಂದಿತು. ಕಾಡು ಉಳಿಯಿತು. 2022ರ ಅಕ್ಟೋಬರಿನಲ್ಲಿ ಆ ಪ್ರಾಂತ್ಯದ ಮಟ್ಟಿಗೆ ಗಡುವು 2030ಕ್ಕೆ ಇಳಿಯಿತು, ಗಾರ್ಟ್ಸ್‌ವೈಲರ್ ಅಂಚಿನ ಐದು ಹಳ್ಳಿ ಬಚಾವಾದವು. ಲುಟ್ಸೆರಾತ್ ಎಂಬ ಒಂದು ಪುಟ್ಟ ಊರನ್ನು ಮಾತ್ರ ಬಿಟ್ಟುಕೊಟ್ಟರು. 2023ರ ಜನವರಿಯಲ್ಲಿ ಅದನ್ನು ತೆರವು ಮಾಡುವಾಗ ನಾನು ಇಲ್ಲೇ ಇದ್ದೆ. ಕೆಸರಿನಲ್ಲಿ ಹೂತುಹೋದ ಪೊಲೀಸರ ಸುತ್ತ ಸನ್ಯಾಸಿ ವೇಷದವನೊಬ್ಬ ಕುಣಿಯುತ್ತಿದ್ದ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬೇಕು. ಅದು ಅಲ್ಲಿಯದು. ಆ ಮಣ್ಣು ನನಗೆ ಗೊತ್ತು. ಒಣಗಿದರೆ ಹಿಟ್ಟು, ನೆನೆದರೆ ಅಂಟು. ಬೂಟು ಬಿಟ್ಟು ಕಾಲು ಮಾತ್ರ ಮೇಲೆ ಬರುತ್ತದೆ.

ಒಂದು ವಿಷಯ ಮಾತ್ರ ನನಗೆ ಇನ್ನೂ ನುಂಗಲು ಆಗಿಲ್ಲ. ಕಾಡು ಉಳಿದಿದ್ದರಿಂದ ಗುಂಡಿಯ ಆಕಾರ ಬದಲಾಯಿತು. ಕಡಿದಾದ ದಡಗಳನ್ನು ಭದ್ರ ಮಾಡಲು ಮಣ್ಣು ಬೇಕು. ಆ ಮಣ್ಣನ್ನು ತೆಗೆಯುವುದು ಹಳೆಯ ಮಾನ್‌ಹೈಮ್ ಇದ್ದ ನೆಲದಿಂದ. ಅಂದರೆ ಕಲ್ಲಿದ್ದಲು ಬೇಡವಾದ ಮೇಲೂ ಓಮಾ ಊರು ತೂತಿಗೇ ಹೋಯಿತು. ಮುಂದೆ ರೈನ್ ನದಿಯಿಂದ ಪೈಪಿನಲ್ಲಿ ನೀರು ತಂದು ಗುಂಡಿ ತುಂಬಿಸುತ್ತಾರೆ, ದಶಕಗಟ್ಟಲೆ ತುಂಬಿಸಿ ಕೆರೆ ಮಾಡುತ್ತಾರೆ. ಅಲ್ಲೂ ಕೊನೆಗೆ ನೀರೇ.

ಪೇರ್ ಮರ ಏನಾಯಿತು ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಹೇಳುತ್ತೇನೆ.

2019ರ ಫೆಬ್ರವರಿ. ಓಮಾ ಮತ್ತೆ ಕರೆದರು. ಕಸಿ ಮಾಡಲು ಕಡ್ಡಿ ಬೇಕು, ಎಲೆ ಚಿಗುರುವ ಮೊದಲು ಕತ್ತರಿಸಬೇಕು ಅಂದರು. ನನಗೆ ಅಡಿಕೆ ಗೊತ್ತು, ಪೇರ್ ಗೊತ್ತಿಲ್ಲ. ಅಡುಗೆಮನೆಯಲ್ಲಿ ಇದನ್ನು ಯಾರಿಗೋ ಹೇಳುತ್ತಿದ್ದೆ. ಅಡುಗೆಯಾಕೆ ಬೆನ್ನು ತಿರುಗಿಸಿಕೊಂಡೇ, 'ನನ್ನ ಗಂಡನಿಗೆ ಬರುತ್ತದೆ' ಅಂದಳು.

ಶನಿವಾರ ಬೆಳಿಗ್ಗೆ ಆತ ಕಾರು ತಂದ. ದೊಡ್ಡ ಆಳು, ಕೆಂಪು ಕೈ. ದಾರಿಯಲ್ಲಿ ಗಣಿಯ ಮಾತಿಲ್ಲ, ಕಾಡಿನ ಮಾತೂ ಇಲ್ಲ. ಮರದ ಸುತ್ತ ಆಗ ಬೇಲಿ ಹಾಕಿದ್ದರು. ಆತ ಬೇಲಿ ನೋಡಿ, ನನ್ನ ನೋಡಿ, 'ನೀನು ಇದಕ್ಕೆಲ್ಲ ಪಳಗಿದ್ದೀಯಲ್ಲ, ಹತ್ತು' ಅಂದ. ತಾನು ಏಣಿ ಹಿಡಿದ. ಪೆನ್ಸಿಲ್ ದಪ್ಪದ ಏಳು ಕಡ್ಡಿ ಕತ್ತರಿಸಿದೆ. ಆತ ಅವನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಮಗುವನ್ನು ಹಿಡಿದ ಹಾಗೆ ಕೋಟಿನ ಒಳಗೆ ಇಟ್ಟುಕೊಂಡ. ಏಪ್ರಿಲ್‌ನಲ್ಲಿ ವೃದ್ಧಾಶ್ರಮದ ಹಿತ್ತಲಲ್ಲಿ ಕಸಿ ಕಟ್ಟಿದೆವು. ಓಮಾ ಗಾಲಿಕುರ್ಚಿಯಲ್ಲಿ ಕೂತು ಇಬ್ಬರಿಗೂ ಬೈಯುತ್ತಿದ್ದರು.

ಊರಿಗೆ ಬಂದ ಮೇಲೆ ಒಂದು ಸಂಜೆ ಅಜ್ಜಿಯ ಎದುರು ನೋಟ್‌ಬುಕ್ ಹಿಡಿದು ಕೂತೆ. ಮುಳುಗಿದ ಮನೆಯ ಅಂಗಳ ಎಲ್ಲಿ, ಕೊಟ್ಟಿಗೆ ಎಲ್ಲಿ, ಬಾವಿ ಎಲ್ಲಿ ಅಂತ ಕೇಳಿ ಕೇಳಿ ಗೆರೆ ಎಳೆಯುತ್ತಿದ್ದೆ. ನಡುವೆ ಈ ಪೇರ್ ಕಥೆ ಪೂರ್ತಿ ಹೇಳಿದೆ. ಪೊಲೀಸರು, ಬಾವಲಿ, ಕೋರ್ಟು, ಐವತ್ತು ಸಾವಿರ ಜನ. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು.

'ಏಳರಲ್ಲಿ ಎಷ್ಟು ಹಿಡೀತು?'

'ಮೂರು.'

'ಮಳೆಗಾಲದಲ್ಲಿ ಕಟ್ಟಬೇಕಿತ್ತು' ಅಂದಳು.